ಸಿಇಟಿ ಓದಿನ ವೇಳಾಪಟ್ಟಿ: ಮೂರನೇ ವಾರಕ್ಕೇ ಮುರಿದುಬೀಳದಂತೆ ಹಾಕಿಕೊಳ್ಳುವ ಕ್ರಮ

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಜೂನ್‌ನಲ್ಲಿ ಹಾಕಿಕೊಳ್ಳುವ ವೇಳಾಪಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಬೆಳಿಗ್ಗೆ 4ಕ್ಕೆ ಏಳುವುದು, 4.15ರಿಂದ 6ರವರೆಗೆ ಗಣಿತ, ಸಂಜೆ ಎರಡು ಗಂಟೆ ಭೌತವಿಜ್ಞಾನ, ರಾತ್ರಿ ಎರಡು ಗಂಟೆ ರಸಾಯನವಿಜ್ಞಾನ, ಊಟಕ್ಕೆ ಇಪ್ಪತ್ತು ನಿಮಿಷ, ಆಟಕ್ಕೆ ಸೊನ್ನೆ. ನಾಲ್ಕು ಬಣ್ಣದ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದ ಈ ಪಟ್ಟಿ ಜುಲೈ ಹೊತ್ತಿಗೆ ಯಾರೂ ನೋಡದ ಕಾಗದವಾಗಿರುತ್ತದೆ. ಸೋಮಾರಿತನವೇ ಇದಕ್ಕೆ ಕಾರಣ ಎಂದು ಮನೆಯವರು ಬೈಯುತ್ತಾರೆ, ಮಕ್ಕಳೂ ಹಾಗೇ ನಂಬುತ್ತಾರೆ. ನನ್ನ ಪ್ರಕಾರ ತಪ್ಪಿರುವುದು ಪಟ್ಟಿ ಹಾಕುವ ಕ್ರಮದಲ್ಲಿ. ಎಷ್ಟು ಕೆಲಸವಿದೆ ಎಂದು ಎಣಿಸುವ ಮೊದಲೇ ಗಂಟೆಗಳನ್ನು ಹಂಚಿಬಿಟ್ಟಿರುತ್ತಾರೆ.

ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಮೊದಲ ನಾಲ್ಕು ಹಂತಗಳಿಗೆ ಮೂರು ವಾರ ಹಿಡಿಯುತ್ತದೆ. ಆ ಮೂರು ವಾರ ಎಂದಿನಂತೆ ಓದುತ್ತಿರಿ, ಗೋಡೆಗೆ ಮಾತ್ರ ಏನನ್ನೂ ಅಂಟಿಸಬೇಡಿ.

## ಹಂತ 1: ಪರೀಕ್ಷೆಯ ಲೆಕ್ಕ ತಿಳಿದುಕೊಳ್ಳಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನಕ್ಕೆ ತಲಾ 60 ಪ್ರಶ್ನೆಗಳ ಒಂದೊಂದು ಪತ್ರಿಕೆ. ಪ್ರಶ್ನೆಗೆ ಒಂದು ಅಂಕ, ಪತ್ರಿಕೆಗೆ 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅಂದರೆ ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡು. ಐದು ಅಂಕದ ಪ್ರಶ್ನೆಗೆ ಒಂದೂವರೆ ಪುಟ ಬರೆದು ಅಭ್ಯಾಸವಾದ ಕೈಗೆ ಇದು ಬೇರೆಯದೇ ಕಸರತ್ತು.

ಇನ್ನೊಂದು ಲೆಕ್ಕವನ್ನು ಬಹುಪಾಲು ವಿದ್ಯಾರ್ಥಿಗಳು ಮಾಡುವುದೇ ಇಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಅರ್ಧ ಪರಿಗಣಿಸುತ್ತಾರೆ. ಪಿಯುಸಿಯಲ್ಲಿ ಈ ಮೂರೂ ಸೇರಿ 300 ಅಂಕ, ಸಿಇಟಿಯಲ್ಲಿ 180. ಪಿಯುಸಿಯಲ್ಲಿ 270, ಸಿಇಟಿಯಲ್ಲಿ 108 ಬಂದರೆ 45 ಮತ್ತು 30 ಸೇರಿ 75 ಆಗುತ್ತದೆ. ಸಿಇಟಿಯ 108 ಅನ್ನು 126ಕ್ಕೆ ಏರಿಸಿದರೆ ಐದು ಹೆಚ್ಚಿ 80 ಆಗುತ್ತದೆ. ಅದೇ ಐದನ್ನು ಪಿಯುಸಿ ಅಂಕದಿಂದ ಗಳಿಸಬೇಕಾದರೆ 270 ಪೂರ್ತಿ 300 ಆಗಬೇಕು. ಸಿಇಟಿಯಲ್ಲಿ 18 ಪ್ರಶ್ನೆ ಹೆಚ್ಚು ಸರಿ ಮಾಡುವುದು, ಬೋರ್ಡ್ ಪರೀಕ್ಷೆಯಲ್ಲಿ 30 ಅಂಕ ಹೆಚ್ಚು ಗಳಿಸುವುದು, ಎರಡರ ತೂಕವೂ ಒಂದೇ. ಆದ್ದರಿಂದ 'ಮೊದಲು ಬೋರ್ಡ್ ಮುಗಿಯಲಿ, ಸಿಇಟಿ ಆಮೇಲೆ ನೋಡೋಣ' ಎನ್ನುವವರೂ, 'ಸಿಇಟಿ ಒಂದಿದ್ದರೆ ಸಾಕು' ಎಂದು ಕಾಲೇಜಿನ ಪಾಠ ಬಿಟ್ಟವರೂ ಅರ್ಧ ರ‍್ಯಾಂಕನ್ನು ಕೈಯಾರೆ ಬಿಟ್ಟುಕೊಡುತ್ತಾರೆ. ಒಂದೇ ಅಧ್ಯಾಯವನ್ನು ಎರಡು ರೀತಿಯ ಪ್ರಶ್ನೆಗೆ ಸಿದ್ಧಮಾಡುವಂತಹ ಪಟ್ಟಿ ಬೇಕು.

ನೀಟ್, ಜೆಇಇ ಮೇನ್, ಕಾಮೆಡ್‌–ಕೆ ಕೂಡ ಬರೆಯುವವರು ಯಾವುದು ಮುಖ್ಯ, ಯಾವುದು ಜೊತೆಗೆ ಎಂದು ಈಗಲೇ ತೀರ್ಮಾನಿಸಿ. ನೀಟ್‌ನಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಜೆಇಇ ಮೇನ್ ಗಣಕಯಂತ್ರದ ಮುಂದೆ ಬರೆಯುವ ಪರೀಕ್ಷೆ, ಪ್ರಶ್ನೆಗಳೂ ಹೆಚ್ಚು ಸುತ್ತುಬಳಸಿನವು. ನಾಲ್ಕಕ್ಕೂ ಸಮ ಗಂಟೆ ಹಂಚಿದ ಪಟ್ಟಿ ನಾಲ್ಕಕ್ಕೂ ಸಾಲುವುದಿಲ್ಲ. ಮುಖ್ಯ ಪರೀಕ್ಷೆಯ ಮಟ್ಟಕ್ಕೆ ಓದಿ, ಉಳಿದವಕ್ಕೆ ಹಳೆಯ ಪತ್ರಿಕೆ ಬಿಡಿಸುವ ಅಭ್ಯಾಸ ಮಾತ್ರ ಇಟ್ಟುಕೊಳ್ಳಿ.

## ಹಂತ 2: ಸಾಮಗ್ರಿ ಮೊದಲು, ಓದು ಆಮೇಲೆ

ಬೇಕಾದದ್ದು ಹೆಚ್ಚೇನಿಲ್ಲ:

- ಪ್ರಥಮ ಮತ್ತು ದ್ವಿತೀಯ ಪಿಯುಸಿಯ ಪಠ್ಯಪುಸ್ತಕಗಳು. ಪ್ರಥಮ ಪಿಯುಸಿಯ ಪುಸ್ತಕವನ್ನು ಕಿರಿಯರಿಗೆ ಕೊಟ್ಟಿದ್ದರೆ ಇವತ್ತೇ ವಾಪಸು ತನ್ನಿ.
- ಈ ಸಾಲಿನ ಪಠ್ಯಕ್ರಮದ ಮುದ್ರಿತ ಪ್ರತಿ.
- ಸಿಇಟಿಯ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಮತ್ತು ಸರಿ ಉತ್ತರಗಳು.
- ಒಎಂಆರ್ ಹಾಳೆಯ (ಉತ್ತರದ ವೃತ್ತ ತುಂಬುವ ಹಾಳೆ) ಮಾದರಿ, ಒಂದಿಪ್ಪತ್ತು ಜೆರಾಕ್ಸ್ ಪ್ರತಿ.
- ತಿಂಗಳಿಗೊಂದು ಪುಟವಿರುವ ಗೋಡೆ ಕ್ಯಾಲೆಂಡರ್. ಹಬ್ಬ, ರಜೆ ಮೊದಲೇ ಅಚ್ಚಾಗಿರುವುದರಿಂದ ಕಿರಾಣಿ ಅಂಗಡಿಯವರು ಕೊಟ್ಟದ್ದೇ ಒಳ್ಳೆಯದು.
- ಎರಡು ನೋಟ್‌ಬುಕ್: ಒಂದು ವಾರದ ಪಟ್ಟಿಗೆ, ಇನ್ನೊಂದು ತಪ್ಪುಗಳಿಗೆ.
- ಎದುರಿಗೆ ಕಾಣುವ ಗೋಡೆ ಗಡಿಯಾರ. ಸಿಇಟಿ ಕೊಠಡಿಯೊಳಗೆ ಕೈಗಡಿಯಾರ ಬಿಡುವುದಿಲ್ಲ; ಮಣಿಕಟ್ಟು ನೋಡುವ ಚಾಳಿ ಈಗಲೇ ಬಿಟ್ಟರೆ ಒಳ್ಳೆಯದು.

ಪಠ್ಯಕ್ರಮದ ಪ್ರತಿಯನ್ನು ಉದಾಸೀನ ಮಾಡಬೇಡಿ. ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಪರಿಷ್ಕರಿಸಿದಾಗ ರಸಾಯನವಿಜ್ಞಾನದ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ಸ್ ಅಧ್ಯಾಯಗಳನ್ನು ಕೈಬಿಟ್ಟರು. ಅಣ್ಣನೋ ಅಕ್ಕನೋ ಕೊಟ್ಟ ಹಳೆಯ ಗೈಡ್‌ನಲ್ಲಿ ಅವು ಇನ್ನೂ ಇವೆ. 2024ರ ಸಿಇಟಿಯಲ್ಲಿ ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಬಂದು ದೊಡ್ಡ ಗದ್ದಲವಾಯಿತು. ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಟ್ಟರು. ಹಾಗಾಗಿ ಹಳೆಯ ಪತ್ರಿಕೆ ಬಿಡಿಸಲು ಕೂರುವ ಮೊದಲು ಈಗಿನ ಪಠ್ಯಕ್ರಮದೊಂದಿಗೆ ಹೋಲಿಸಿ, ಇಲ್ಲದ ಅಧ್ಯಾಯದ ಪ್ರಶ್ನೆಗಳಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಹಾಕಿ. ಒಂದು ಸಂಜೆಯ ಕೆಲಸ ಅದು, ಉಳಿಸುವುದು ವಾರಗಟ್ಟಲೆ ಓದನ್ನು.

ಬೇಡದ ಸಾಮಗ್ರಿ: ಒಂದೇ ವಿಷಯಕ್ಕೆ ಮೂರನೆಯ ಗೈಡ್.

## ಹಂತ 3: ನಿಮ್ಮ ನಿಜವಾದ ಗಂಟೆಗಳನ್ನು ಎಣಿಸಿ

ಒಂದು ವಾರ ಏನನ್ನೂ ಬದಲಿಸದೆ, ದಿನದ ಕೊನೆಯಲ್ಲಿ ಎಷ್ಟು ಹೊತ್ತು ಓದಿದಿರಿ ಎಂದು ಬರೆಯಿರಿ. ಪುಸ್ತಕದ ಮುಂದೆ ಕುಳಿತ ಹೊತ್ತನ್ನು ಸೇರಿಸಬೇಡಿ, ಪೆನ್ನು ಅಥವಾ ತಲೆ ಓಡಿದ ಹೊತ್ತು ಮಾತ್ರ. ಈ ಸಂಖ್ಯೆ ಕಂಡು ಎಲ್ಲರಿಗೂ ಬೇಸರವಾಗುತ್ತದೆ. ಪರವಾಗಿಲ್ಲ.

ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿನಿಯೊಬ್ಬಳ ವಾರವನ್ನು ಲೆಕ್ಕ ಹಾಕೋಣ. ಬೆಳಿಗ್ಗೆ 7.30ರ ಬಸ್, ಮನೆ ಸೇರುವುದು ಸಂಜೆ 5.30ಕ್ಕೆ. ಬೆಳಿಗ್ಗೆ ಒಂದೂವರೆ ಗಂಟೆ, ರಾತ್ರಿ ಊಟ ಕಳೆದು ಎರಡು ಗಂಟೆ. ಐದು ದಿನಕ್ಕೆ ಹದಿನೇಳೂವರೆ. ಶನಿವಾರ ಐದು, ಭಾನುವಾರ ಆರು. ಒಟ್ಟು ಇಪ್ಪತ್ತೆಂಟೂವರೆ. ಇದರಲ್ಲಿ ಪ್ರಾಯೋಗಿಕ ರೆಕಾರ್ಡ್, ಕಾಲೇಜಿನ ಮನೆಗೆಲಸ, ಭಾಷಾ ವಿಷಯಗಳಿಗೆ ಆರು ಗಂಟೆ ಹೋಗುತ್ತದೆ. ಉಳಿದ ಇಪ್ಪತ್ತೆರಡೂವರೆಯಲ್ಲಿ ಮುಕ್ಕಾಲು ಪಾಲನ್ನು ಮಾತ್ರ ನಂಬಬಹುದು: ಕರೆಂಟ್ ಹೋಗುತ್ತದೆ, ಜ್ವರ ಬರುತ್ತದೆ, ಮನೆಗೆ ನೆಂಟರು ಬರುತ್ತಾರೆ. ಅವಳ ಪಟ್ಟಿಗೆ ಸಿಗುವುದು ವಾರಕ್ಕೆ ಹದಿನೇಳು ಗಂಟೆ.

ಈಗ ಇನ್ನೊಂದು ಕಡೆಯ ಎಣಿಕೆ. ಈಗಿನ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ದ್ವಿತೀಯ ಪಿಯುಸಿಯ ಗಣಿತ 13, ಭೌತ 14, ರಸಾಯನ 10 ಅಧ್ಯಾಯ. ಪ್ರಥಮ ಪಿಯುಸಿಯಲ್ಲಿ 14, 14, 9. ಒಟ್ಟು 74. ಜೂನ್‌ನಿಂದ ಫೆಬ್ರುವರಿ ಕೊನೆಯವರೆಗೆ 39 ವಾರವಿದ್ದರೂ ಕಿರುಪರೀಕ್ಷೆ, ಮಧ್ಯವಾರ್ಷಿಕ, ಪೂರ್ವಸಿದ್ಧತಾ ಪರೀಕ್ಷೆ, ಹಬ್ಬ, ಮದುವೆ ಕಳೆದರೆ 30 ವಾರ ದಕ್ಕಿದರೆ ಹೆಚ್ಚು. ವಾರಕ್ಕೆ 17ರಂತೆ 510 ಗಂಟೆ. ಒಂದು ಅಧ್ಯಾಯಕ್ಕೆ ಏಳು ಗಂಟೆಯೂ ಇಲ್ಲ, ಅದರಲ್ಲೇ ಓದು, ಲೆಕ್ಕ, ಪುನರಾವರ್ತನೆ ಎಲ್ಲವೂ ಆಗಬೇಕು. ಜೀವವಿಜ್ಞಾನವೂ ಇದ್ದರೆ ಇನ್ನೂ 32 ಅಧ್ಯಾಯ ಸೇರುತ್ತವೆ.

ಈ ಲೆಕ್ಕ ನೋಡಿ ಹೆದರಿ ನಿದ್ದೆ ಕಡಿಮೆ ಮಾಡುವವರಿದ್ದಾರೆ. ಏಳು ಗಂಟೆಯ ನಿದ್ದೆಯನ್ನು ಐದಕ್ಕಿಳಿಸಿ ಗಳಿಸಿದ ಎರಡು ಗಂಟೆ ಮಾರನೆಯ ದಿನ ತರಗತಿಯ ತೂಕಡಿಕೆಯಲ್ಲಿ ಹೋಗುತ್ತದೆ. ಬಿಡುವು ಬೇಕಿದ್ದರೆ ಅಧ್ಯಾಯಗಳ ಕಡೆಯಿಂದ ಹುಡುಕಬೇಕು. ಮುಂದಿನ ಹಂತ ಅದಕ್ಕೇ ಇರುವುದು.

## ಹಂತ 4: ಅಧ್ಯಾಯಗಳನ್ನು ಪರೀಕ್ಷಿಸಿ ವಿಂಗಡಿಸಿ

ಪ್ರತಿ ಅಧ್ಯಾಯದಿಂದ ಹತ್ತು ಹಳೆಯ ಪ್ರಶ್ನೆ ಆರಿಸಿ. ಪುಸ್ತಕ ತೆರೆಯದೆ, ಹದಿನೈದು ನಿಮಿಷದಲ್ಲಿ ಬಿಡಿಸಿ. ಎಂಟು ಅಥವಾ ಹೆಚ್ಚು ಸರಿಯಾದರೆ 'ಗಟ್ಟಿ', ನಾಲ್ಕರಿಂದ ಏಳಾದರೆ 'ಅರೆಬರೆ', ಅದಕ್ಕಿಂತ ಕಡಿಮೆಯಾದರೆ 'ಖಾಲಿ' ಎಂದು ಅಧ್ಯಾಯದ ಮುಂದೆ ಬರೆಯಿರಿ. ಇನ್ನೂ ಪಾಠವಾಗದ ದ್ವಿತೀಯ ಪಿಯುಸಿ ಅಧ್ಯಾಯಗಳೆಲ್ಲ ಸದ್ಯಕ್ಕೆ ಖಾಲಿ. ಪ್ರಥಮ ಪಿಯುಸಿಯ ಅಧ್ಯಾಯಗಳನ್ನು ಮಾತ್ರ ಈಗ ಪರೀಕ್ಷಿಸಿದರೆ ಸಾಕು, ದಿನಕ್ಕೆ ಮೂರರಂತೆ ಎರಡು ವಾರದೊಳಗೆ ಮುಗಿಯುತ್ತದೆ.

ಇಲ್ಲಿ ನಡೆಯುವ ದೊಡ್ಡ ಮೋಸವೆಂದರೆ ನೆನಪಿನ ಮೇಲೆ ವಿಂಗಡಿಸುವುದು. 'ಈ ಅಧ್ಯಾಯ ನನಗೆ ಗೊತ್ತು' ಅನ್ನಿಸುವುದಕ್ಕೂ ಹತ್ತರಲ್ಲಿ ಎಂಟು ಸರಿಯಾಗುವುದಕ್ಕೂ ಸಂಬಂಧವೇ ಇರುವುದಿಲ್ಲ. ಇಷ್ಟದ ಉಪನ್ಯಾಸಕರು ಮಾಡಿದ ಪಾಠವೆಲ್ಲ ಗೊತ್ತಿರುವಂತೆಯೇ ತೋರುತ್ತದೆ.

ವಿಂಗಡಿಸಿದ ಮೇಲೆ ಅವಲಂಬನೆಯ ಕ್ರಮ ಗುರುತಿಸಿ. ಪ್ರಥಮ ಪಿಯುಸಿಯನ್ನು ಕೊನೆಗೆ ಒಟ್ಟಿಗೆ ಓದುತ್ತೇನೆ ಎಂದವರು ಫೆಬ್ರುವರಿಯಲ್ಲಿ 37 ಅಧ್ಯಾಯಗಳ ರಾಶಿಯ ಮುಂದೆ ಕಂಗಾಲಾಗಿ ಕೂರುತ್ತಾರೆ. ಅದರ ಬದಲು ಈ ವಾರ ಕಾಲೇಜಿನಲ್ಲಿ ನಡೆಯುವ ಪಾಠಕ್ಕೆ ಬುನಾದಿಯಾದ ಹಳೆಯ ಅಧ್ಯಾಯವನ್ನು ಅದೇ ವಾರ ಓದಿ:

- ಇನ್ವರ್ಸ್ ಟ್ರಿಗನಾಮೆಟ್ರಿಯ ಜೊತೆ ಪ್ರಥಮ ಪಿಯುಸಿಯ ಟ್ರಿಗನಾಮೆಟ್ರಿ.
- ಕಂಟಿನ್ಯುಟಿ, ಡಿಫರೆನ್ಷಿಯೇಷನ್ ಜೊತೆ ಲಿಮಿಟ್ಸ್.
- ಸಂಭವನೀಯತೆಯ ಜೊತೆ ಪ್ರಥಮ ಪಿಯುಸಿಯ ಸಂಭವನೀಯತೆ ಮತ್ತು ಪರ್ಮ್ಯುಟೇಷನ್–ಕಾಂಬಿನೇಷನ್.
- ಕೋಆರ್ಡಿನೇಷನ್ ಸಂಯುಕ್ತಗಳ ಜೊತೆ ಕೆಮಿಕಲ್ ಬಾಂಡಿಂಗ್.
- ಎಲೆಕ್ಟ್ರೋಕೆಮಿಸ್ಟ್ರಿಯ ಜೊತೆ ರೆಡಾಕ್ಸ್.
- ಪರ್ಯಾಯ ವಿದ್ಯುತ್ ಜೊತೆ ಆಸಿಲೇಷನ್ಸ್, ವೇವ್ ಆಪ್ಟಿಕ್ಸ್ ಜೊತೆ ವೇವ್ಸ್.
- ಅನುವಂಶೀಯತೆಯ ಜೊತೆ ಕೋಶ ವಿಭಜನೆ.

ಕೆಲವು ಸರಪಳಿಗಳನ್ನು ಹಿಂದುಮುಂದು ಮಾಡುವಂತೆಯೇ ಇಲ್ಲ. ಎಲೆಕ್ಟ್ರೋಸ್ಟಾಟಿಕ್ಸ್ ಬಾರದೆ ಕರೆಂಟ್ ಎಲೆಕ್ಟ್ರಿಸಿಟಿ, ಕಾಂತತ್ವ ಬಾರದೆ ವಿದ್ಯುತ್ಕಾಂತೀಯ ಪ್ರೇರಣೆ ತಲೆಗೆ ಹತ್ತುವುದಿಲ್ಲ. ಡಿಫರೆನ್ಷಿಯೇಷನ್ ಸೂತ್ರಗಳು ಬಾಯಿಗೆ ಬಾರದೆ ಇಂಟಿಗ್ರೇಷನ್‌ಗೆ ಕೈಹಾಕಿದವರು ಎರಡನ್ನೂ ದ್ವೇಷಿಸಲು ಕಲಿಯುತ್ತಾರೆ. ಸಾವಯವ ರಸಾಯನದಲ್ಲಿ ಹ್ಯಾಲೋಆಲ್ಕೇನ್‌ನಿಂದ ಅಮೀನ್‌ವರೆಗೆ ಎಲ್ಲವೂ ಪ್ರಥಮ ಪಿಯುಸಿಯ ಮೂಲತತ್ವಗಳ ಅಧ್ಯಾಯದ ಮೇಲೆ ನಿಂತಿವೆ. ಆ ಅಧ್ಯಾಯ ಖಾಲಿಯಾಗಿದ್ದರೆ ನಾಲ್ಕು ಅಧ್ಯಾಯಗಳ ಕ್ರಿಯೆಗಳನ್ನು ಉರು ಹೊಡೆಯುವುದೊಂದೇ ದಾರಿ, ಉರು ಹೊಡೆದದ್ದು ಏಪ್ರಿಲ್‌ವರೆಗೆ ಉಳಿಯುವುದಿಲ್ಲ. ನಿಮ್ಮ 'ಖಾಲಿ' ಪಟ್ಟಿಯಲ್ಲಿ ಇಂಥ ಬುನಾದಿ ಅಧ್ಯಾಯ ಕಂಡರೆ ಎಲ್ಲಕ್ಕಿಂತ ಮೊದಲು ಅದಕ್ಕೆ ಗಂಟೆ ಕೊಡಿ.

ಗಂಟೆಗಳ ಹಂಚಿಕೆ ಈಗ ಸುಲಭ. ಗಟ್ಟಿ ಅಧ್ಯಾಯಕ್ಕೆ ಎರಡು ಗಂಟೆ (ಪ್ರಶ್ನೆ ಬಿಡಿಸಲು ಮಾತ್ರ), ಅರೆಬರೆಗೆ ಐದಾರು, ಖಾಲಿಗೆ ಹತ್ತು. ಏಳು ಗಂಟೆಯ ಸರಾಸರಿಯಲ್ಲಿ ಸಿಗದ ಬಿಡುವು ಗಟ್ಟಿ ಅಧ್ಯಾಯಗಳಿಂದ ಸಿಗುತ್ತದೆ.

## ಹಂತ 5: ಕ್ಯಾಲೆಂಡರ್ ಅನ್ನು ಹಿಂದಿನಿಂದ ತುಂಬಿ

ಸಿಇಟಿ ಈಚಿನ ವರ್ಷಗಳಲ್ಲಿ ಏಪ್ರಿಲ್ ಮಧ್ಯದ ಹೊತ್ತಿಗೆ ಬರುತ್ತಿದೆ. 2024ರಲ್ಲಿ ಏಪ್ರಿಲ್ 18 ಮತ್ತು 19, 2025ರಲ್ಲಿ 16 ಮತ್ತು 17. ಪಿಯುಸಿ ವಾರ್ಷಿಕ ಪರೀಕ್ಷೆ 1 ಆ ಎರಡೂ ವರ್ಷ ಮಾರ್ಚ್ 1ಕ್ಕೆ ಶುರುವಾಗಿ ಮೂರು ವಾರ ನಡೆಯಿತು. ನಡುವೆ ಉಳಿಯುವುದು ಹತ್ತಿರಹತ್ತಿರ ನಾಲ್ಕು ವಾರ. ಈ ಸಾಲಿನ ದಿನಾಂಕ ಪ್ರಕಟವಾಗುವವರೆಗೆ ಪೆನ್ಸಿಲ್‌ನಲ್ಲಿ ಇದೇ ಅಂದಾಜು ಗುರುತುಮಾಡಿ, ಅಲ್ಲಿಂದ ಹಿಂದಕ್ಕೆ ಬನ್ನಿ.

ಬೋರ್ಡ್ ಮುಗಿದ ಮೇಲಿನ ನಾಲ್ಕು ವಾರ: ಹೊಸ ಅಧ್ಯಾಯ ಇಲ್ಲ. ಅಣಕು ಪರೀಕ್ಷೆ, ತಪ್ಪಿನ ಪುಸ್ತಕ, ಪ್ರಥಮ ಪಿಯುಸಿ ಪುನರಾವರ್ತನೆ.

ಮಾರ್ಚ್: ಬೋರ್ಡ್ ಪರೀಕ್ಷೆ. ಸಿಇಟಿಗೆಂದು ಬೇರೆ ಓದು ಬೇಡ, ಆದರೆ ಒಂದು ವಿಷಯದ ಪರೀಕ್ಷೆ ಬರೆದು ಬಂದ ಸಂಜೆ ಆ ವಿಷಯದ ಬಹುಆಯ್ಕೆ ಪ್ರಶ್ನೆ ಒಂದಿಪ್ಪತ್ತು ಬಿಡಿಸಿ. ಓದಿದ್ದು ಬಿಸಿಯಾಗಿರುವ ಹೊತ್ತು ಅದು.

ಜನವರಿ, ಫೆಬ್ರುವರಿ: ಪೂರ್ವಸಿದ್ಧತಾ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ. ಭೌತ, ರಸಾಯನ, ಜೀವವಿಜ್ಞಾನದಲ್ಲಿ 30 ಅಂಕ ಪ್ರಾಯೋಗಿಕಕ್ಕಿದೆ. ರೆಕಾರ್ಡ್ ಬಾಕಿ ಉಳಿಸಿಕೊಂಡವರು ಇಲ್ಲಿ ವಾರ ಕಳೆದುಕೊಳ್ಳುತ್ತಾರೆ.

ಡಿಸೆಂಬರ್ ಕೊನೆ: ಖಾಲಿ ಅಧ್ಯಾಯ ಯಾವುದೂ ಉಳಿಯಬಾರದ ಗಡುವು.

ಜೂನ್‌ನಿಂದ ನವೆಂಬರ್: ಕಾಲೇಜಿನ ಪಾಠ, ಅದರ ಜೊತೆಗಾರ ಹಳೆಯ ಅಧ್ಯಾಯ. ದಸರಾ ರಜೆಯನ್ನು ಹೊಸದಕ್ಕೆ ಬಳಸದೆ ಅರೆಬರೆ ಅಧ್ಯಾಯಗಳಿಗೆ ಮೀಸಲಿಡಿ.

ಓದಿಗೆ ಸಂಬಂಧವಿಲ್ಲದ, ಆದರೆ ಓದನ್ನು ಕೆಡಿಸುವ ಕೆಲಸವೊಂದನ್ನೂ ಕ್ಯಾಲೆಂಡರ್‌ನಲ್ಲಿ ಬರೆಯಿರಿ: ದಾಖಲೆಗಳು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಒಂದರಿಂದ ಹತ್ತನೆಯ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಮೀಸಲಾತಿ ಕೇಳುವವರು ಓದಿದ ಶಾಲೆಗಳಿಂದ ಪ್ರಮಾಣಪತ್ರ ತರಬೇಕು. ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಮೀಸಲಾತಿಯ 371ಜೆ ಪ್ರಮಾಣಪತ್ರ. ಇದನ್ನೆಲ್ಲ ಅರ್ಜಿ ಕರೆದ ಮೇಲೆ ಮಾಡಹೊರಟರೆ ನಾಡಕಚೇರಿಗೂ ಹಳೆಯ ಶಾಲೆಗೂ ಅಲೆದಾಡಿ ದಿನಗಳು ಕಳೆಯುತ್ತವೆ. ದಸರಾ ರಜೆ ಮುಗಿಯುವುದರೊಳಗೆ ಮುಗಿಸಿ. ಮನೆಯ ಹಿರಿಯರೊಬ್ಬರಿಗೆ ಈ ಕೆಲಸ ವಹಿಸಿದರೆ ಇನ್ನೂ ಒಳ್ಳೆಯದು. 'ನಾನೇನು ಸಹಾಯ ಮಾಡಲಿ' ಎಂದು ಚಡಪಡಿಸುವ ಅಪ್ಪಂದಿರಿಗೆ ಇದಕ್ಕಿಂತ ಉಪಯುಕ್ತ ಕೆಲಸವಿಲ್ಲ.

ಹೊರನಾಡು, ಗಡಿನಾಡು ಕನ್ನಡಿಗರಾಗಿ ಅರ್ಜಿ ಹಾಕುವವರಿಗೆ ಕನ್ನಡ ಭಾಷಾ ಪರೀಕ್ಷೆಯೂ ಇರುತ್ತದೆ. ಅದರ ಅಂಕ ರ‍್ಯಾಂಕ್‌ಗೆ ಸೇರುವುದಿಲ್ಲ, ಅರ್ಹತೆಗೆ ಬೇಕು. ಮುಂಬೈಯಲ್ಲೋ ಕಾಸರಗೋಡಿನಲ್ಲೋ ಓದುತ್ತಿರುವವರು ವಾರಕ್ಕೊಮ್ಮೆ ಅರ್ಧ ಗಂಟೆ ಕನ್ನಡ ಓದಲು, ಬರೆಯಲು ಇಟ್ಟುಕೊಳ್ಳಿ.

## ಹಂತ 6: ಒಂದು ವಾರವನ್ನು ಮಾತ್ರ ಬರೆಯಿರಿ

ಇಡೀ ವರ್ಷದ ದಿನಚರಿ ಬರೆಯಬೇಡಿ. ತಿಂಗಳಿಗೆ ಅಧ್ಯಾಯಗಳ ಹೆಸರು, ವಾರಕ್ಕೆ ಕೆಲಸಗಳ ವಿವರ, ಇಷ್ಟು ಸಾಕು. ಪ್ರತಿ ಭಾನುವಾರ ರಾತ್ರಿ ಮುಂದಿನ ಏಳು ದಿನ ಬರೆಯಿರಿ.

ಬರೆಯುವ ರೀತಿಯೇ ಇಲ್ಲಿ ಮುಖ್ಯ. 'ಭೌತವಿಜ್ಞಾನ, 7ರಿಂದ 9' ಎಂದು ಬರೆದರೆ ಆ ಎರಡು ಗಂಟೆ ಯಾವ ಪುಟ ತೆರೆಯಲಿ ಎಂಬ ಯೋಚನೆಯಲ್ಲೇ ಇಪ್ಪತ್ತು ನಿಮಿಷ ಹೋಗುತ್ತದೆ, ಮುಗಿಯಿತೋ ಇಲ್ಲವೋ ಎಂದು ತಿಳಿಯುವುದೂ ಇಲ್ಲ. ಮುಗಿದದ್ದು ಗೊತ್ತಾಗುವಂತೆ ಬರೆಯಿರಿ. ಮೇಲಿನ ವಿದ್ಯಾರ್ಥಿನಿಯ ಪಟ್ಟಿ ಹೀಗಿರಬಹುದು:

- ಸೋಮವಾರ ಬೆಳಿಗ್ಗೆ: ಕಿರ್ಕಾಫ್ ನಿಯಮ, ಪುಸ್ತಕದ ಬಿಡಿಸಿದ ಲೆಕ್ಕಗಳನ್ನು ಉತ್ತರ ಮುಚ್ಚಿಟ್ಟು ಮತ್ತೆ ಬಿಡಿಸುವುದು. ರಾತ್ರಿ: ಕೋಆರ್ಡಿನೇಷನ್ ಸಂಯುಕ್ತಗಳ ಹೆಸರಿಡುವಿಕೆ, 20 ಹೆಸರು.
- ಮಂಗಳವಾರ ಬೆಳಿಗ್ಗೆ: ಡಿಫರೆನ್ಷಿಯೇಷನ್, ಚೈನ್ ರೂಲ್, 25 ಲೆಕ್ಕ. ರಾತ್ರಿ: ಕೆಮಿಕಲ್ ಬಾಂಡಿಂಗ್, ಹೈಬ್ರಿಡೈಸೇಷನ್ ಭಾಗ ಓದಿ ಒಂದು ಪುಟದ ಟಿಪ್ಪಣಿ.
- ಬುಧವಾರ ಬೆಳಿಗ್ಗೆ: ಕಿರ್ಕಾಫ್, ವ್ಹೀಟ್‌ಸ್ಟೋನ್ ಬ್ರಿಡ್ಜ್, ಹಳೆಯ ಸಿಇಟಿ ಪ್ರಶ್ನೆ 15. ರಾತ್ರಿ: ಖಾಲಿ.
- ಗುರುವಾರ ಬೆಳಿಗ್ಗೆ: ಲಿಮಿಟ್ಸ್, 20 ಪ್ರಶ್ನೆ. ರಾತ್ರಿ: ಸೋಮವಾರದ ಹೆಸರುಗಳನ್ನು ನೋಡದೆ ಬರೆಯುವುದು, ಆಮೇಲೆ ಐಸೋಮೆರಿಸಂ.
- ಶುಕ್ರವಾರ ಬೆಳಿಗ್ಗೆ: ಡಿಫರೆನ್ಷಿಯೇಷನ್, ಐದು ಅಂಕದ ಎರಡು ಪ್ರಶ್ನೆ ಪೂರ್ತಿ ಹಂತಗಳೊಂದಿಗೆ. ರಾತ್ರಿ: ರೆಕಾರ್ಡ್.
- ಶನಿವಾರ ಮಧ್ಯಾಹ್ನ: ವಾರದ ಅಧ್ಯಾಯಗಳಿಂದ 60 ಮಿಶ್ರ ಪ್ರಶ್ನೆ, 80 ನಿಮಿಷ. ಆಮೇಲೆ ತಪ್ಪಿನ ಪುಸ್ತಕ.
- ಭಾನುವಾರ ಬೆಳಿಗ್ಗೆ: ವಾರದ ಬಾಕಿ. ಮಧ್ಯಾಹ್ನದ ಮೇಲೆ ರಜೆ. ರಾತ್ರಿ ಮುಂದಿನ ವಾರದ ಪಟ್ಟಿ.

ಬುಧವಾರ ರಾತ್ರಿ ಖಾಲಿ ಬಿಟ್ಟದ್ದನ್ನು ಗಮನಿಸಿ. ಅದನ್ನು ತುಂಬುವ ಆಸೆಯಾಗುತ್ತದೆ, ತುಂಬಬೇಡಿ. ಸೋಮವಾರ ತಪ್ಪಿದ ಕೆಲಸ ಅಲ್ಲಿಗೆ ಬರುತ್ತದೆ. ಖಾಲಿ ಜಾಗವಿಲ್ಲದ ಪಟ್ಟಿಯಲ್ಲಿ ಒಂದು ಕೆಲಸ ತಪ್ಪಿದರೆ ಅದು ಮುಂದಿನದನ್ನು ತಳ್ಳುತ್ತದೆ, ಅದು ಅದರ ಮುಂದಿನದನ್ನು. ಗುರುವಾರದ ಹೊತ್ತಿಗೆ ಪಟ್ಟಿಯೇ ಸುಳ್ಳಾಗಿರುತ್ತದೆ.

ದಿನಕ್ಕೆ ಎರಡು ವಿಷಯ ಸಾಕು. ಬೆಳಿಗ್ಗೆ ಲೆಕ್ಕದ್ದು, ರಾತ್ರಿ ಓದುವ ಅಥವಾ ನೆನಪಿಡುವಂಥದ್ದು ಹೊಂದುತ್ತದೆ, ಆದರೆ ರಾತ್ರಿಯೇ ತಲೆ ಚುರುಕಾಗುವವರು ಅದಲುಬದಲು ಮಾಡಿಕೊಳ್ಳಲಿ. 4 ಗಂಟೆಗೆ ಎದ್ದವರಿಗೇ ವಿದ್ಯೆ ಒಲಿಯುತ್ತದೆ ಎಂಬ ಮಾತಿಗೆ ನಾನಂತೂ ಕಿವಿಗೊಡುವುದಿಲ್ಲ.

ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಹೊಸ ಅಧ್ಯಾಯಕ್ಕೆ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಆ ಗಂಟೆಯಲ್ಲಿ ಅಧ್ಯಾಯದ ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆದು, ಹಳೆಯ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ. ಇಂಥವರಿಗೆ ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥ ಮಾಡಿಕೊಳ್ಳಲೇ 40 ಸೆಕೆಂಡು ಹೋಗುತ್ತದೆ. ವೇಗ ಸಾಲದು ಎಂದು ಇನ್ನಷ್ಟು ಲೆಕ್ಕ ಮಾಡಿಸಿದರೆ ಆ ತೊಂದರೆ ನೀಗುವುದಿಲ್ಲ.

## ಹಂತ 7: ತಪ್ಪಿನ ಪುಸ್ತಕ

ತಪ್ಪಾದ ಪ್ರತಿ ಪ್ರಶ್ನೆಯನ್ನೂ ಬರೆಯಿರಿ, ಪಕ್ಕದಲ್ಲಿ ಕಾರಣ ಒಂದು ಪದದಲ್ಲಿ: ಗೊತ್ತಿಲ್ಲ, ಮರೆತೆ, ಲೆಕ್ಕ ತಪ್ಪಿತು, ಪ್ರಶ್ನೆ ತಪ್ಪು ಓದಿದೆ. ಮರುದಿನ ಒಮ್ಮೆ, ವಾರದ ನಂತರ ಒಮ್ಮೆ, ತಿಂಗಳ ನಂತರ ಒಮ್ಮೆ ಆ ಪ್ರಶ್ನೆಯನ್ನು ಉತ್ತರ ನೋಡದೆ ಬಿಡಿಸಿ. ಮೂರೂ ಬಾರಿ ಸರಿಯಾದರೆ ಹೊಡೆದುಹಾಕಿ.

ಕಾರಣಗಳ ಎಣಿಕೆ ತಿಂಗಳ ಕೊನೆಗೆ ಪಟ್ಟಿಯನ್ನೇ ಬದಲಿಸುತ್ತದೆ. 'ಗೊತ್ತಿಲ್ಲ' ಹೆಚ್ಚಿದ್ದರೆ ಅಧ್ಯಾಯ ಮತ್ತೆ ಓದಬೇಕು. 'ಮರೆತೆ' ಹೆಚ್ಚಿದ್ದರೆ ಓದು ಸಾಕಾಗಿದೆ, ಪುನರಾವರ್ತನೆಯ ಅಂತರ ಕಡಿಮೆಯಾಗಬೇಕು. 'ಪ್ರಶ್ನೆ ತಪ್ಪು ಓದಿದೆ' ಎಂಬುದೇ ಎದ್ದು ಕಂಡರೆ ಒಂದಕ್ಷರವೂ ಹೊಸದಾಗಿ ಓದಬೇಕಿಲ್ಲ. 'ಇವುಗಳಲ್ಲಿ ಯಾವುದು ಸರಿಯಲ್ಲ' ಎಂಬಂಥ ಪದದ ಕೆಳಗೆ ಗೆರೆ ಎಳೆಯುವ ರೂಢಿಯಾಗಬೇಕು.

ಈ ಪುಸ್ತಕವನ್ನು ಅಂದಗಾಣಿಸಲು ಹೊರಟಿರಾದರೆ ಎಚ್ಚರ. ಬಣ್ಣ, ಚೌಕಟ್ಟು, ಅಂಟುಚೀಟಿ ಹೆಚ್ಚಾದಷ್ಟೂ ಅದನ್ನು ತೆರೆಯುವುದು ಕಡಿಮೆಯಾಗುತ್ತದೆ.

## ಹಂತ 8: ಅಣಕು ಪರೀಕ್ಷೆ ಒಎಂಆರ್ ಹಾಳೆಯ ಮೇಲೇ ಆಗಲಿ

ನವೆಂಬರ್‌ನಿಂದ ತಿಂಗಳಿಗೆ ಎರಡು, ಏಪ್ರಿಲ್‌ನಲ್ಲಿ ವಾರಕ್ಕೆ ಎರಡು ದಿನ. ಪ್ರಶ್ನೆಪತ್ರಿಕೆಯಲ್ಲೇ ಉತ್ತರಕ್ಕೆ ಗುರುತು ಹಾಕಿ 'ಐವತ್ತು ಬಂತು' ಎಂದರೆ ಲೆಕ್ಕಕ್ಕಿಲ್ಲ. ನೀಲಿ ಅಥವಾ ಕಪ್ಪು ಬಾಲ್‌ಪಾಯಿಂಟ್ ಪೆನ್ನಿನಿಂದ 60 ವೃತ್ತ ತುಂಬುವುದಕ್ಕೆ ನಿಮಿಷಗಳು ಬೇಕು, ಒಮ್ಮೆ ತುಂಬಿದ್ದನ್ನು ಅಳಿಸಲಾಗದು.

80 ನಿಮಿಷವನ್ನು ಹೀಗೆ ಒಡೆಯಿರಿ. ಮೊದಲ 50 ನಿಮಿಷದಲ್ಲಿ ಒಂದರಿಂದ ಅರವತ್ತರವರೆಗೆ ಹೋಗಿ, ದಾರಿ ಕಂಡದ್ದನ್ನು ಬಿಡಿಸಿ, ಕಾಣದ್ದಕ್ಕೆ ಗುರುತಿಟ್ಟು ಮುಂದೆ ಹೋಗಿ. ಮುಂದಿನ 20 ನಿಮಿಷ ಗುರುತಿಟ್ಟವಕ್ಕೆ. ಕೊನೆಯ 10 ನಿಮಿಷ ಉಳಿದ ವೃತ್ತಗಳಿಗೆ ಮತ್ತು ಪರಿಶೀಲನೆಗೆ. ತಪ್ಪಿಗೆ ಅಂಕ ಕಳೆಯದ ಪರೀಕ್ಷೆಯಲ್ಲಿ ಒಂದು ವೃತ್ತವನ್ನೂ ಖಾಲಿ ಬಿಡಬಾರದು. ವೃತ್ತಗಳನ್ನು ಪುಟ ಮುಗಿದಂತೆ ತುಂಬುತ್ತಾ ಹೋಗಿ. ಎಲ್ಲವನ್ನೂ ಕೊನೆಗೆ ಇಟ್ಟುಕೊಂಡು 23ರ ಉತ್ತರವನ್ನು 24ರಲ್ಲಿ ತುಂಬಿ, ಅಲ್ಲಿಂದ ಮುಂದೆ ಎಲ್ಲವೂ ಒಂದು ಸಾಲು ಜಾರಿದವರ ಕಥೆ ಪ್ರತಿವರ್ಷ ಕೇಳುತ್ತೇವೆ. ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ತುಂಬುವುದನ್ನೂ ಅಣಕು ಪರೀಕ್ಷೆಯಲ್ಲೇ ರೂಢಿ ಮಾಡಿಕೊಳ್ಳಿ.

ಪರೀಕ್ಷೆಯ ದಿನ ಬೆಳಿಗ್ಗೆ 10.30ಕ್ಕೊಂದು, ಮಧ್ಯಾಹ್ನ 2.30ಕ್ಕೊಂದು ಪತ್ರಿಕೆ. ಅಣಕು ಪರೀಕ್ಷೆಯನ್ನೂ ಅದೇ ಹೊತ್ತಿಗೆ, ಅದೇ ಅಂತರದಲ್ಲಿ ಬರೆಯಿರಿ. ಊಟವಾದ ಮೇಲೆ ಬರೆಯುವ ಎರಡನೇ ಪತ್ರಿಕೆಯಲ್ಲಿ ಅಂಕ ಕುಸಿಯುವವರು ಬಹಳ, ಅದು ಬೆಳಿಗ್ಗೆ ಮಾತ್ರ ಅಭ್ಯಾಸ ಮಾಡಿದ್ದರ ಫಲ. ವಿಷಯಗಳ ಜೋಡಿ ಸ್ಥಿರವಲ್ಲ. 2024ರಲ್ಲಿ ಮೊದಲ ದಿನ ಜೀವವಿಜ್ಞಾನ ಮತ್ತು ಗಣಿತವಿತ್ತು, 2025ರಲ್ಲಿ ಭೌತ ಮತ್ತು ರಸಾಯನ. ಆದ್ದರಿಂದ ಜೋಡಿಗಳನ್ನು ಬದಲಿಸುತ್ತಾ ಬರೆಯಿರಿ. ನೀಟ್ ಅಣಕು ಪರೀಕ್ಷೆಯನ್ನು ಅದೇ ದಿನ ಸೇರಿಸಬೇಡಿ, ಅಂಕದ ನಿಯಮ ಬೇರೆಯಾದ್ದರಿಂದ ಊಹಿಸುವ ರೂಢಿ ಕಲಸಿಹೋಗುತ್ತದೆ.

ಪರೀಕ್ಷೆ ಬರೆದಷ್ಟೇ ಹೊತ್ತನ್ನು ಅದರ ತಪ್ಪುಗಳಿಗೆ ಕೊಡಬೇಕು. ಆ ಹೊತ್ತಿಲ್ಲದಿದ್ದರೆ ಆ ವಾರ ಅಣಕು ಪರೀಕ್ಷೆಯೇ ಬೇಡ.

## ಪಟ್ಟಿ ಹಳಿ ತಪ್ಪುತ್ತಿರುವ ಲಕ್ಷಣಗಳು

ಒಂದೇ ಕೆಲಸ ಸತತ ಮೂರು ವಾರ ಬಾಕಿ ಉಳಿದರೆ ಆ ಕೆಲಸ ತೀರಾ ದೊಡ್ಡದು, ಇಲ್ಲವೇ ಅದರ ಹಿಂದಿನ ಅಧ್ಯಾಯ ಖಾಲಿ. 'ಇಂಟಿಗ್ರೇಷನ್' ಎಂದಿದ್ದದ್ದನ್ನು ನಾಲ್ಕು ತುಂಡು ಮಾಡಿ, ಮೊದಲ ತುಂಡಿಗೆ ಮಾತ್ರ ಗಂಟೆ ಕೊಡಿ.

ಓದಿದ ಗಂಟೆ ಏರುತ್ತಿದ್ದು ಶನಿವಾರದ ಅಂಕ ನಿಂತಲ್ಲೇ ನಿಂತಿದ್ದರೆ ನೀವು ಓದುತ್ತಿದ್ದೀರಿ, ಬಿಡಿಸುತ್ತಿಲ್ಲ. ವಿಡಿಯೊ ಪಾಠ ನೋಡುವುದನ್ನು ಓದಿನ ಗಂಟೆಗೆ ಸೇರಿಸುವವರಲ್ಲಿ ಇದು ಸಾಮಾನ್ಯ. ಬೇರೊಬ್ಬರು ಲೆಕ್ಕ ಬಿಡಿಸುವುದನ್ನು ನೋಡಿದರೆ ಎಲ್ಲವೂ ಸುಲಭವೇ.

ಇಷ್ಟದ ವಿಷಯದ ಗಂಟೆ ತಾನಾಗಿ ಹಿಗ್ಗಿ ಕಷ್ಟದ ವಿಷಯ ಭಾನುವಾರಕ್ಕೆ ಜಾರುತ್ತಿದೆಯೇ? ಆ ವಿಷಯವನ್ನು ಬೆಳಗಿನ ಮೊದಲ ಗಂಟೆಗೆ ತನ್ನಿ.

ತಿಂಗಳಿಗೆ ಎರಡು ಬಾರಿ ಹೊಸ ಪಟ್ಟಿ ಬರೆಯುತ್ತಿದ್ದರೆ ಪಟ್ಟಿ ಬರೆಯುವುದೇ ಓದಿನಿಂದ ತಪ್ಪಿಸಿಕೊಳ್ಳುವ ದಾರಿಯಾಗಿದೆ.

ಇನ್ನು, ಜ್ವರವೋ ಮನೆಯ ಸಮಾರಂಭವೋ ಬಂದು ಹತ್ತು ದಿನ ಹೋಯಿತು ಎನ್ನಿ. ಹತ್ತು ದಿನದ ಬಾಕಿಯನ್ನು ಮುಂದಿನ ಹತ್ತು ದಿನಕ್ಕೆ ಸೇರಿಸಬೇಡಿ. ಬಾಕಿಯಲ್ಲಿ ಬುನಾದಿ ಅಧ್ಯಾಯ ಯಾವುದು ಎಂದು ನೋಡಿ ಅದನ್ನು ಮಾತ್ರ ಉಳಿಸಿ, ಉಳಿದದ್ದನ್ನು ಡಿಸೆಂಬರ್‌ಗೆ ಬರೆಯಿರಿ, ಇವತ್ತಿನ ದಿನಾಂಕದಿಂದ ಮುಂದುವರಿಯಿರಿ.

## ಜನವರಿಯಲ್ಲಿ ಇದನ್ನು ಓದುತ್ತಿರುವವರಿಗೆ

ಹಂತ 3 ಮತ್ತು 4ನ್ನು ನಾಲ್ಕು ದಿನದಲ್ಲಿ ಮುಗಿಸಿ. ದ್ವಿತೀಯ ಪಿಯುಸಿಯ ಅಧ್ಯಾಯಗಳು ಎರಡೂ ಪರೀಕ್ಷೆಗೆ ಬೇಕಾದ್ದರಿಂದ ಮಾರ್ಚ್‌ವರೆಗಿನ ಎಲ್ಲ ಗಂಟೆ ಅವಕ್ಕೇ ಮೀಸಲು; ಪ್ರತಿ ಅಧ್ಯಾಯದ ಕೊನೆಗೆ ಇಪ್ಪತ್ತು ಬಹುಆಯ್ಕೆ ಪ್ರಶ್ನೆ ಸೇರಿಸಿಕೊಳ್ಳಿ. ಪ್ರಥಮ ಪಿಯುಸಿಯಲ್ಲಿ ಅರೆಬರೆ ಇರುವವನ್ನು ಬೋರ್ಡ್ ಮುಗಿದ ಮೇಲಿನ ನಾಲ್ಕು ವಾರಕ್ಕೆ ಹಂಚಿ, ದಿನಕ್ಕೆ ಒಂದರಂತೆ. ಖಾಲಿ ಇರುವವುಗಳಲ್ಲಿ ಕಳೆದ ಮೂರು ವರ್ಷದ ಪತ್ರಿಕೆ ತೆರೆದು, ಹೆಚ್ಚು ಪ್ರಶ್ನೆ ಬಂದ ನಾಲ್ಕೈದನ್ನು ಮಾತ್ರ ಆರಿಸಿ. ಉಳಿದವನ್ನು ಬಿಟ್ಟುಬಿಡಿ, ಅವುಗಳಿಂದ ಬಂದ ಪ್ರಶ್ನೆಗೆ ಕೊನೆಯ ಹತ್ತು ನಿಮಿಷದಲ್ಲಿ ಊಹೆಯ ವೃತ್ತ ತುಂಬಿದರಾಯಿತು.